ಹಸಿವಿನ ಗುಂಡಿ

ಹೆಬ್ಬಾವಿನ ತಲೆಯ ಹಿಂದೆ ಡಾ. ಇಂಚರಾ ಅಂಟಿಸಿದ ಸಾಧನ ಅಂಗಿಯ ಗುಂಡಿಗಿಂತ ದೊಡ್ಡದಿರಲಿಲ್ಲ. ಅದು ಹಸಿರಾಗಿ ಮಿನುಗಿದ ಸ್ವಲ್ಪ ಹೊತ್ತಿಗೆ, ದೀಪಾವಳಿಯಿಂದ ಏನನ್ನೂ ಮುಟ್ಟದಿದ್ದ ಗೌರಿ ತಲೆಯೆತ್ತಿ, ಇಕ್ಕಳದ ತುದಿಯಲ್ಲಿದ್ದ ಮಾಂಸದ ತುಂಡನ್ನು ಗಬಕ್ಕನೆ ಹಿಡಿಯಿತು.

ಅದನ್ನು ಸಾಕಿದ ಹಾಲಮ್ಮನ ಕಣ್ಣಲ್ಲಿ ನೀರು. “ನಿಮ್ಮ ಹೊಟ್ಟೆ ತಣ್ಣಗಿರ್ಲಿ ಡಾಕ್ಟ್ರೇ! ಮನೇಲಿ ಒಂದು ಜೀವ ಹಸ್ಕೊಂಡಿರುವಾಗ ನನಗೆ ತುತ್ತು ಇಳೀತಿರಲಿಲ್ಲ.”

ಆ ಕಾಲಕ್ಕೆ ದಾವಣಗೆರೆಯಲ್ಲಿ ಹೆಬ್ಬಾವು ಸಾಕುವುದು ಬೆಕ್ಕು ಸಾಕಿದಷ್ಟೇ ಮಾಮೂಲಿಯಾಗಿತ್ತು. ಪರವಾನಗಿ ಪಡೆದ ಕೇಂದ್ರಗಳಲ್ಲೇ ಹುಟ್ಟಿದ, ಮಾರುದ್ದ ಮೀರದ ಸಾಧು ತಳಿ. ಬೊಗಳುವುದಿಲ್ಲ, ಸೋಫಾ ಕೆರೆಯುವುದಿಲ್ಲ. ಬೆಣ್ಣೆದೋಸೆ ಹೋಟೆಲಿನ ಒಡತಿ ಹಾಲಮ್ಮ ಅಪ್ಪಟ ಸಸ್ಯಾಹಾರಿ. ಆದರೂ ಅಡ್ಡಿಯಿರಲಿಲ್ಲ, ಮಾಂಸ ಬೆಳೆಯುತ್ತಿದ್ದುದು ಪ್ರಯೋಗಾಲಯದ ತೊಟ್ಟಿಯಲ್ಲಿ. ತೊಂದರೆ ಒಂದೇ: ಚಳಿ ಬಂತೆಂದರೆ ಹಾವು ತಿಂಗಳುಗಟ್ಟಲೆ ಊಟ ಬಿಡುತ್ತದೆ. ಇದು ರೋಗವಲ್ಲವೆಂದು ಪಶುವೈದ್ಯರು ಹೇಳಿ ಹೇಳಿ ಸೋತಿದ್ದರು. “ಊಟ ಆಯ್ತಾ?” ಎಂದೇ ಯೋಗಕ್ಷೇಮ ಕೇಳುವ ಜನಕ್ಕೆ, ಉಣ್ಣದ ಜೀವವನ್ನು ಸುಮ್ಮನೆ ನೋಡುತ್ತ ಕೂರುವುದು ಆಗದ ಮಾತು.

ಗುಂಡಿ ಮಾಡುತ್ತಿದ್ದುದು ಇಷ್ಟೇ. ಹೊಟ್ಟೆಯ ಸುದ್ದಿಯನ್ನು ಮಿದುಳಿಗೆ ಒಯ್ಯುವ ವೇಗಸ್ ಎಂಬ ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು, ಹಸಿವಾಗಿದೆ ಎಂದು ಸುಳ್ಳು ಹೇಳುವುದು. ಮಿದುಳು ನಂಬುತ್ತಿತ್ತು. ಪೊರೆ ಕಳಚಿದಾಗಲೆಲ್ಲ ಹೊಸ ಗುಂಡಿ ಅಂಟಿಸಿದರಾಯಿತು. ಊರೂರಿಂದ ಇಂಚರಾಳಿಗೆ ಆಶೀರ್ವಾದಗಳು ಬಂದವು; ಹೊಗಳಿಕೆಗೆ ಉಬ್ಬದವರು ಯಾರು? ಆದರೆ ಅದಕ್ಕೂ ಮೊದಲೇ ಅವಳ ಪ್ರಯೋಗಾಲಯದಲ್ಲಿ, ಗುಂಡಿ ಹಾಕಿಸಿಕೊಂಡು ಚಳಿಗಾಲವೆಲ್ಲ ತಿಂದಿದ್ದ ಒಂದು ಹಾವು ಸತ್ತಿತ್ತು. ಅದರ ಯಕೃತ್ತು ಕೊಬ್ಬಿನಿಂದ ಬೆಳ್ಳಗಾಗಿತ್ತು. ಒಂದು ತಾನೇ ಎಂದು ಇಂಚರಾ ಅದನ್ನು ವರದಿಯಿಂದ ಕೈಬಿಟ್ಟಿದ್ದಳು.

ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಹಾಲಮ್ಮ ಗೌರಿಯನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಓಡಿ ಬಂದಳು. ಹಾವಿನ ಮೈ ಊದಿತ್ತು, ತಲೆ ಎತ್ತಲೂ ತ್ರಾಣವಿರಲಿಲ್ಲ. ಗುಂಡಿ ಮಾತ್ರ ಮಿನುಗುತ್ತಲೇ ಇತ್ತು. ಇಂಚರಾ ಅದನ್ನು ಕಿತ್ತು ಹಾವಿನ ಹೊಟ್ಟೆಯನ್ನು ಸ್ಕ್ಯಾನ್ ಮಾಡಿದಳು. ಯಕೃತ್ತಿನ ತುಂಬ ಅದೇ ಕೊಬ್ಬು. ಗೌರಿ ಮಾರನೆಯ ಬೆಳಗು ಕಾಣಲಿಲ್ಲ.

ಎಲ್ಲ ಗುಂಡಿಗಳನ್ನೂ ವಾಪಸ್ ಪಡೆಯುವುದಾಗಿ ಪ್ರಕಟಿಸಿ, ಇಂಚರಾ ನೇರವಾಗಿ ಹಾಲಮ್ಮನ ಹೋಟೆಲಿಗೆ ಹೋದಳು.

“ನನಗೆ ಮೊದಲೇ ಸುಳಿವಿತ್ತಮ್ಮ, ಮುಚ್ಚಿಟ್ಟೆ. ಚಳಿಗಾಲದಲ್ಲಿ ಹಾವಿನ ಒಳಗಿನ ಅಂಗಗಳು ದುಡಿಮೆ ಬಿಟ್ಟು ಸುಧಾರಿಸ್ಕೊಳ್ತವೆ. ನಾನು ಅದಕ್ಕೆ ಬಿಡಲಿಲ್ಲ.”

ಹಾಲಮ್ಮ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹಂಚಿನ ಮುಂದೆ ನಿಂತೇ ಹೇಳಿದಳು: “ಪಾಪ, ಮೂಕಪ್ರಾಣಿ. ಮಾತು ಬಂದಿದ್ರೆ ಸಾಕು ಅಂತಿತ್ತೇನೋ.”

“ಸಾಕು ಅಂತಲೇ ಹೇಳಿತ್ತಮ್ಮ. ಮಾಂಸ ಹಿಡಿದಾಗೆಲ್ಲ ಮುಖ ತಿರುಗಿಸಿತ್ತಲ್ಲ.”

ಹಾಲಮ್ಮನ ಕೈ ನಿಂತುಬಿಟ್ಟಿತು. ಹಂಚಿನ ಮೇಲಿನ ದೋಸೆ ಸೀದು ವಾಸನೆ ಬಂದರೂ ಎತ್ತಲಿಲ್ಲ. “ಹಂಗಾದ್ರೆ ನಾನೂ ಕೊಂದಂಗೇ,” ಎಂದಳು. ಇಲ್ಲ, ತಪ್ಪು ನನ್ನದೊಂದೇ ಎಂದು ಇಂಚರಾ ಹೇಳಬೇಕಿತ್ತು. ಅದರ ಬದಲು ಕೈ ಚಾಚಿ ಒಲೆ ಆರಿಸಿದಳು, ಅದಕ್ಕಾಗಿ ಇನ್ನಷ್ಟು ನಾಚಿಕೆಯಾಯಿತು.

ಪಕ್ಕದ ಮೇಜಿನಲ್ಲಿ ಪುಟ್ಟ ಮಗಳಿಗೆ ದೋಸೆ ತಿನ್ನಿಸಲು ಹೆಣಗುತ್ತಿದ್ದ ಯುವತಿ ಇಂಚರಾಳ ಗುರುತು ಹಿಡಿದಳು. “ಮೇಡಂ, ಹಸಿವಿನ ಗುಂಡಿ ಮಾಡಿದೋರು ನೀವೇ ಅಲ್ವಾ? ಮಕ್ಕಳಿಗೆ ಹಾಕೋದು ಯಾವಾಗ ಬರುತ್ತೆ? ಇವಳು ನೋಡಿ, ಒಂದು ತುತ್ತಿಗೂ ಸತಾಯಿಸ್ತಾಳೆ.”

ಮನುಷ್ಯರಲ್ಲಿ ಇರುವುದೂ ಅದೇ ನರ. ಮಿಡಿತವನ್ನು ಕೊಂಚ ಬದಲಿಸಿದರೆ ಸಾಕು ಎಂಬುದು ಇಂಚರಾಳಿಗೆ ಚೆನ್ನಾಗಿ ಗೊತ್ತಿತ್ತು.

“ಆಗಲ್ಲಮ್ಮ. ಅದು ಮನುಷ್ಯರ ಮೇಲೆ ಕೆಲಸ ಮಾಡಲ್ಲ,” ಎಂದು ಸುಳ್ಳು ಹೇಳಿದಳು.

ಯುವತಿ ನಿಟ್ಟುಸಿರಿಟ್ಟು, ಮೊಬೈಲಿನಲ್ಲಿ ಕಾರ್ಟೂನ್ ಹಾಕಿ ಮಗಳ ಮುಂದೆ ಹಿಡಿದಳು. ಅಳುತ್ತ ಗೋಡೆಯ ಕಡೆ ತಿರುಗಿದ್ದ ಮಗು ಈಚೆ ನೋಡಿತು. ಕಣ್ಣು ಮಿಟುಕಿಸದೆ ಬಾಯಿ ತೆರೆಯಿತು.