ಬೆವರುವ ಬಾಗಿಲು

ಆ ಮನೆಯಿಂದ ಮತ್ತೆ ಫೋನ್ ಬಂದಿದೆ ಎಂದು ಮಾವ ಹೇಳಿದಾಗ ಅವಳು ಒಂದು ವಾಷಿಂಗ್ ಮೆಷಿನ್ನಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿಕೊಂಡಿದ್ದಳು. ಕೈ ತೆಗೆಯದೆಯೇ ಕೇಳಿದಳು, "ಯಾವ ಮನೆ?"

"ಯಾವ ಮನೆ ಅಂತ ನಿನಗೇ ಗೊತ್ತು. ಫ್ರಿಜ್ ಬೆವರೋ ಮನೆ."

ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಕೈಯಲ್ಲಿದ್ದ ಸ್ಪ್ಯಾನರ್ ಡ್ರಮ್ಮಿನ ಹಿಂದೆಲ್ಲೋ ಬಿತ್ತು.

ಮಾವ ಎಂದರೆ ತಾಯಿಯ ತಮ್ಮ, ಈ ರಿಪೇರಿ ಅಂಗಡಿಯ ಮಾಲೀಕ. ಅವಳಿಗೆ ಕೆಲಸ ಕಲಿಸಿದವನೂ ಅವನೇ, ಕಲಿಸಿದ್ದಕ್ಕೆ ಪಶ್ಚಾತ್ತಾಪ ಪಡುತ್ತಿರುವವನೂ ಅವನೇ. ಅಕ್ಕನ ಮಗಳು ಟೂಲ್ ಬ್ಯಾಗ್ ನೇತುಹಾಕಿಕೊಂಡು ಸ್ಕೂಟರಿನಲ್ಲಿ ಮನೆಮನೆ ಸುತ್ತುವುದಕ್ಕಿಂತ, ಕೌಂಟರಿನ ಹಿಂದೆ ಫ್ಯಾನಿನ ಕೆಳಗೆ ಕೂತು ಫೋನ್ ಎತ್ತಿಕೊಂಡಿದ್ದರೆ ಚೆನ್ನ ಎಂಬುದು ಅವನ ಬಹುಕಾಲದ ಅಭಿಪ್ರಾಯ. ಅದಕ್ಕೊಂದು ನೆಪ ಬೇಕಿತ್ತು. ಫ್ರಿಜ್ ಒದಗಿಸಿತು.

"ಒಂದೇ ಫ್ರಿಜ್‌ಗೆ ಮೂರನೇ ಸಲ ಕರೆಸಿಕೊಂಡ್ರೆ ಕೌಂಟರಿಗೆ ಬಂದು ಕೂತ್ಕೋಬೇಕು ಅಂತ ಹೇಳಿದ್ದೆ. ಇವತ್ತು ಹೋಗಿ ಬಾ. ತಪ್ಪು ನಿಂದಲ್ಲ ಅಂತ ತೋರಿಸಿದ್ರೆ ಬೇರೆ ಮಾತು. ಇಲ್ಲಾಂದ್ರೆ ನಾಳೆಯಿಂದ ಬ್ಯಾಗ್ ಕೆಳಗೆ. ಅತ್ತು ಕರೆದು ಮಾಡ್ಬೇಡ."

"ನಾನು ಯಾವತ್ತು ಅತ್ತಿದ್ದೀನಿ?"

"ಅದೇ ನನಗೂ ಬೇಜಾರು."

ಕಾಯಿಲೆ ನಿಜಕ್ಕೂ ಸಣ್ಣದು. ಎರಡು ಬಾಗಿಲಿನ ಹಳೆಯ ಫ್ರಿಜ್. ಮೇಲಿನ ಫ್ರೀಜರ್ ಬಾಗಿಲಿಗೂ ಕೆಳಗಿನ ಬಾಗಿಲಿಗೂ ನಡುವೆ ಒಂದು ಅಡ್ಡಪಟ್ಟಿ. ಅದರ ಹಿಂದೆ ದಾರದಷ್ಟು ಸಣ್ಣ ಹೀಟರ್ ತಂತಿ. ಫ್ರಿಜ್‌ಗೆ ಹೀಟರ್ ಯಾಕೆ ಎಂದು ಗಿರಾಕಿಗಳು ಅವಳನ್ನೇ ಮೋಸಗಾರ್ತಿ ಎಂಬಂತೆ ನೋಡುವುದುಂಟು. ಒಳಗೆ ಅಷ್ಟು ತಣ್ಣಗಿರುವುದು ಅಂಚಿನಲ್ಲಿ ಸ್ವಲ್ಪವಾದರೂ ಬೆಚ್ಚಗಿರಬೇಕು, ಇಲ್ಲದಿದ್ದರೆ ಗಾಳಿಯ ತೇವವೆಲ್ಲ ಬಂದು ಅಲ್ಲಿ ಕೂರುತ್ತದೆ ಎಂದು ಅವಳು ವಿವರಿಸುತ್ತಿದ್ದಳು. ಈ ಫ್ರಿಜ್‌ನ ಪಟ್ಟಿ ಬೆವರಿ, ನೀರು ನೆಲಕ್ಕಿಳಿದು, ಆ ಮನೆಯ ಅಜ್ಜಿ ಒಮ್ಮೆ ಜಾರಿ ಮೇಜು ಹಿಡಿದುಕೊಂಡು ಬಚಾವಾಗಿದ್ದರು.

ಮೊದಲ ಸಲ ಹೋದಾಗ ಅಜ್ಜಿಯ ಮೊಮ್ಮಗ ಫ್ರಿಜ್ ಪೂರ್ತಿ ಖಾಲಿ ಮಾಡಿ, ಹಾಲಿನ ಪಾತ್ರೆಯಿಂದ ನಿಂಬೆಹಣ್ಣಿನವರೆಗೆ ಎಲ್ಲವನ್ನೂ ಮೇಜಿನ ಮೇಲೆ ಎತ್ತರದ ಪ್ರಕಾರ ಜೋಡಿಸಿಟ್ಟಿದ್ದ.

"ನಿಮಗೆ ತೊಂದ್ರೆ ಆಗ್ಬಾರ್ದು ಅಂತ."

ಇಂಥ ಗಿರಾಕಿಯನ್ನು ಅವಳು ಹಿಂದೆ ಕಂಡಿರಲಿಲ್ಲ. ಮೀಟರ್ ಹಿಡಿದರೆ ಹೀಟರ್ ಸರಿ, ಕರೆಂಟ್ ಸರಿ, ಒಳಗೋಡೆಯ ಹೀಟರ್ ಸ್ವಿಚ್ ಆನ್. ಕೊನೆಗೆ ಬಾಗಿಲಿನ ರಬ್ಬರಿನ ಮೇಲೆ ಅನುಮಾನಪಟ್ಟು ಅದನ್ನು ಬದಲಾಯಿಸಿದಳು.

ಅವನದು ಬೀದಿಯ ತುದಿಯಲ್ಲಿ ಕನ್ನಡಕದ ಅಂಗಡಿ. ಟಾರ್ಚ್ ಹಿಡಿಯುವ ನೆಪದಲ್ಲಿ ಸ್ಟೂಲಿನ ಮೇಲೆ ಕೂತು ಅವಳನ್ನೇ ನೋಡುತ್ತಿದ್ದ. ಬೆಳಕು ಮಾತ್ರ ಸರಿಯಾದ ಜಾಗಕ್ಕೆ ಬೀಳುತ್ತಿರಲಿಲ್ಲ.

"ಸ್ಕ್ರೂ ನೋಡುವಾಗ ನೀವು ಎಡಗಣ್ಣು ಕಿರಿದು ಮಾಡ್ತೀರಿ," ಎಂದ.

"ಟಾರ್ಚ್ ನನ್ನ ಕಿವಿ ಮೇಲಿದ್ರೆ ಇನ್ನೇನು ಮಾಡ್ಲಿ?"

ಬೆಳಕು ಗಾಬರಿಯಿಂದ ಸ್ಕ್ರೂ ಮೇಲೆ ಬಂತು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಕಿವಿಗೆ ಹೋಯಿತು. ಅವಳು ಸ್ಕ್ರೂ ತಿರುಗಿಸುತ್ತಲೇ ಇದ್ದಳು. ಕಿವಿ ಬಿಸಿಯಾಗಿದ್ದು ಟಾರ್ಚಿನಿಂದ ಎಂದುಕೊಂಡಳು.

ಎರಡನೇ ಸಲ, ಮೀಟರ್ ಮತ್ತೆ ಸರಿ ಎಂದರೂ, ಮನಸ್ಸಾಕ್ಷಿಯನ್ನು ಪಕ್ಕಕ್ಕಿಟ್ಟು ಹೀಟರನ್ನೇ ಬದಲಾಯಿಸಿದಳು. ಅವತ್ತೂ ಅವನು ಎಲ್ಲ ಖಾಲಿ ಮಾಡಿಟ್ಟಿದ್ದ. ಅಜ್ಜಿ ಅವಳಿಗೆ "ರಿಪೇರಿ" ಎಂದು ಹೆಸರಿಟ್ಟರು. ವಾಪಸ್ ಬರುವಾಗ ಸಿಗ್ನಲ್ಲಿನಲ್ಲಿ ಪಕ್ಕದ ಬಸ್ಸಿನವರು ತನ್ನತ್ತ ನೋಡುತ್ತಿರುವುದನ್ನು ಕಂಡ ಮೇಲೆಯೇ, ಹೆಲ್ಮೆಟ್ಟಿನೊಳಗೆ ಹಾಡಿಕೊಳ್ಳುತ್ತಿರುವುದು ತಾನೇ ಎಂದು ಅವಳಿಗೆ ತಿಳಿದದ್ದು.

ಈಗ ಮೂರನೇ ಸಲ. ಹಾಡುವ ಮಾತೇ ಇರಲಿಲ್ಲ. ಅವಳು ಕೈ ಹಾಕಿದ್ದು ಕೆಟ್ಟೇ ಉಳಿದ ಚರಿತ್ರೆಯಿಲ್ಲ. ಈ ಒಂದು ಡಬ್ಬ ಅವಳನ್ನು ಸುಳ್ಳಿಯನ್ನಾಗಿ ಮಾಡಿತ್ತು. ಅದಕ್ಕಿಂತ ಸಿಟ್ಟು ತರಿಸಿದ ಸಂಗತಿ ಬೇರೆ ಇತ್ತು. ಫೋನ್ ಬಂತೆಂದಾಗ ಎದೆಯ ಒಂದು ಮೂಲೆ ಖುಷಿಪಟ್ಟಿತ್ತು, ಅದೂ ಕೌಂಟರ್ ಎದುರಿಗೇ ಕಾದಿರುವಾಗ.

ಹೇಳಿದ ಹೊತ್ತಿಗಿಂತ ಬೇಗ ಹೋದಳು. ಬಾಗಿಲು ತೆರೆದವರು ಅಜ್ಜಿ. "ರಿಪೇರಿ ಬಂದ್ಲು ನೋಡೋ," ಎಂದು ಒಳಗೆ ಕೂಗಿದರು. ಅವನು ಫ್ರಿಜ್ ತೆರೆದು ಹಾಲಿನ ಪಾತ್ರೆಗೆ ಕೈ ಹಾಕಲಿದ್ದ.

"ಮುಟ್ಬೇಡಿ."

"ಖಾಲಿ ಮಾಡಿಕೊಡ್ತೀನಿ..."

"ಬೇಡ. ದಿನಾ ಹೇಗಿರುತ್ತೋ ಹಾಗೇ ನೋಡ್ಬೇಕು ನಾನು."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಮುಖ ಸುಣ್ಣ ಬಳಿದಂತಾಯಿತು.

ಅವಳು ಮಂಡಿಯೂರಿ ಒಳಗೆ ಟಾರ್ಚ್ ಬೆಳಕು ಬಿಟ್ಟಳು. ಮೇಲಿನ ಶೆಲ್ಫಿನಲ್ಲಿ ಹಾಲಿನ ಪಾತ್ರೆ. ಅದರ ಉದ್ದ ಹಿಡಿ ಒಳಗೋಡೆಗೆ ಒರಗಿತ್ತು. ಅಲ್ಲೇ ಗೋಡೆಯಷ್ಟೇ ಬಿಳಿಯಾದ, ಹಿಂದೆ ಮುಂದೆ ಜಾರುವ ಆ ಸ್ವಿಚ್ ಇತ್ತು. ಆಫ್ ಆಗಿತ್ತು. ಪಾತ್ರೆಯನ್ನು ಮೆಲ್ಲಗೆ ಹೊರಗೆಳೆದಳು. ಹಿಡಿ ಸ್ವಿಚ್ಚನ್ನು ತನ್ನ ಜೊತೆ ಎಳೆದು ತಂತು. ಟಿಕ್. ಆನ್. ಒಳಗೆ ತಳ್ಳಿದಳು. ಟಿಕ್. ಆಫ್.

ಅವನು ಮರ್ಯಾದೆಯಿಂದ ಖಾಲಿ ಮಾಡಿಕೊಟ್ಟಾಗಲೆಲ್ಲ ರೋಗ ತಾನೇ ವಾಸಿಯಾಗುತ್ತಿತ್ತು. ಅವಳು ಹೋದ ಮೇಲೆ ಪಾತ್ರೆ ಒಳಗೆ ಹೋಗುತ್ತಿತ್ತು, ಪಟ್ಟಿ ಬೆವರುತ್ತಿತ್ತು.

ಅವಳಿಗೆ ನಗು ಉಕ್ಕಿ ಬಂತು. ಹಂಚಿಕೊಳ್ಳೋಣವೆಂದು ತಿರುಗಿದಳು. ಆಶ್ಚರ್ಯಪಡಬೇಕಾದ ಮುಖ ಆಶ್ಚರ್ಯಪಟ್ಟಿರಲಿಲ್ಲ.

"ನಿಮಗೆ ಗೊತ್ತಿತ್ತು," ಎಂದಳು.

"ಮೊದಲು ಗೊತ್ತಿರ್ಲಿಲ್ಲ. ನೀವು ಹೀಟರ್ ಹಾಕಿ ಹೋದ ಮೇಲೆ, ಹಾಲು ಇಡುವಾಗ ಟಿಕ್ ಅಂತು." ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ. "ಪಾತ್ರೆ ಕೆಳಗಿಡೋಣ ಅಂತ ಕೈ ಹೋಯ್ತು. ಇಟ್ರೆ ನೀವು ಮತ್ತೆ ಬರಲ್ಲ ಅನ್ನಿಸ್ತು. ಅಲ್ಲೇ ಬಿಟ್ಟೆ."

ಬೇರೆ ದಿನವಾಗಿದ್ದರೆ ಆ ಮಾತನ್ನು ಅವಳು ಜೋಪಾನವಾಗಿ ಮನೆಗೆ ಒಯ್ಯುತ್ತಿದ್ದಳು.

"ಅಜ್ಜಿ ಜಾರಿ ಬಿದ್ದಿದ್ರೆ?"

"ಗಂಟೆಗೊಂದ್ಸಲ ಬಂದು ಒರೆಸ್ತಿದ್ದೆ."

"ಅಂಗಡಿ?"

"ಮುಚ್ಚಿ ಬರ್ತಿದ್ದೆ."

"ನನ್ನ ಒಳ್ಳೇ ಟವಲ್‌ಗಳನ್ನೆಲ್ಲ ಹಾಳು ಮಾಡಿದ," ಎಂದರು ಅಜ್ಜಿ, ಕುರ್ಚಿಯಿಂದ.

ಅವಳು ಎದ್ದು ನಿಂತಳು. ದನಿ ಏರಲಿಲ್ಲ, ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಈ ಮೂರನೇ ಫೋನ್‌ನಿಂದ ನಾಳೆಯಿಂದ ನಾನು ಕೌಂಟರಿನಲ್ಲಿ ಕೂತ್ಕೋಬೇಕು. ಈ ಬ್ಯಾಗ್ ಇನ್ನು ನಂದಲ್ಲ. ಹಗಲೂ ರಾತ್ರಿ ತಲೆ ಕೆಡಿಸ್ಕೊಂಡೆ, ಎಲ್ಲಿ ತಪ್ಪಿದೆ ಅಂತ. ನೀವು ಇಲ್ಲಿ ಟವಲ್ ಹಿಂಡ್ತಾ ಕೂತಿದ್ರಿ."

"ನನಗೆ ಅದು ಗೊತ್ತಿರ್ಲಿಲ್ಲ."

"ನನ್ನ ನಂಬರ್ ಇತ್ತಲ್ಲ ನಿಮ್ಮ ಹತ್ರ."

"ಫೋನ್ ಮಾಡಿ ಏನಂತ ಹೇಳ್ಲಿ?"

"ಅದನ್ನೂ ನಾನೇ ಹೇಳಿಕೊಡ್ಬೇಕಾ? ನಾನು ಫ್ರಿಜ್ ರಿಪೇರಿ ಮಾಡೋಳು."

ಹಾಲಿನ ಪಾತ್ರೆಯನ್ನು ಕೆಳಗಿನ ಶೆಲ್ಫಿಗಿಟ್ಟು, ಸ್ವಿಚ್ ಆನ್ ಮಾಡಿ, ಬಾಗಿಲು ಮುಚ್ಚಿ ಹೊರಟಳು. ಇಷ್ಟೆಲ್ಲ ಸಿಟ್ಟಿನಲ್ಲೂ ಬಾಗಿಲನ್ನು ಮೆತ್ತಗೇ ಮುಚ್ಚಿದಳು, ರಬ್ಬರ್ ಹೊಸದು.

ಅಂಗಡಿಯಲ್ಲಿ ಮಾವನಿಗೆ ಪಾತ್ರೆ, ಹಿಡಿ, ಸ್ವಿಚ್ ಎಲ್ಲ ಹೇಳಿದಳು. "ಹೊಸ ರಬ್ಬರ್ ಹಾಕಿ, ಹೊಸ ಹೀಟರ್ ಹಾಕಿ, ಕೊನೆಗೆ ಸ್ವಿಚ್ಚಾ?" ಎಂದು ಮಾವ ನಕ್ಕ. ಮೂರನೇ ಫೋನ್ ಬೇಕೆಂದೇ ಬಂದದ್ದು ಎಂಬ ಒಂದು ಮಾತು ಸಾಕಿತ್ತು. ಆದರೆ ಹಾಗೆಂದರೆ ಯಾಕೆ ಎಂದು ಮಾವ ಕೇಳದೆ ಇರುತ್ತಿರಲಿಲ್ಲ. ಅವಳು ಬ್ಯಾಗನ್ನು ತಾನೇ ಮೂಲೆಗಿಟ್ಟಳು.

ಮರುದಿನ ಕೌಂಟರಿನ ಹಿಂದೆ ಕೂತಳು. ಫ್ಯಾನ್ ತಲೆಯ ಮೇಲೆ ಕಿರ್ ಎನ್ನುತ್ತಿತ್ತು. ಅದನ್ನು ಬಿಚ್ಚಿ ಸರಿಮಾಡಲು ಕೈ ತುರಿಸುತ್ತಿತ್ತು. ಎದುರಿಗೆ ಮಿಕ್ಸಿ ಹಿಡಿದುಕೊಂಡ ಹೆಂಗಸೊಬ್ಬರು ಅದರ ಆರೋಗ್ಯದ ಪೂರ್ವೇತಿಹಾಸ ಹೇಳುತ್ತಿದ್ದರು. ಅವರ ಹಿಂದಿನಿಂದ ಕನ್ನಡಕದವನು ಬಂದ. ಅವಳತ್ತ ನೋಡಲಿಲ್ಲ. ನೇರ ಮಾವನ ಹತ್ತಿರ ಹೋದ.

"ಫ್ರಿಜ್ ಬೆವರೋ ಮನೆಯವನು ನಾನು. ಮೂರನೇ ಕಂಪ್ಲೇಂಟ್ ಸುಳ್ಳು. ಏನು ತೊಂದ್ರೆ ಅಂತ ನನಗೆ ಗೊತ್ತಿತ್ತು, ಸರಿ ಮಾಡದೆ ಫೋನ್ ಮಾಡಿದೆ. ಅವರ ಕೆಲಸದಲ್ಲಿ ತಪ್ಪಿಲ್ಲ."

"ಗೊತ್ತಿದ್ದೂ ಯಾಕೆ ಫೋನ್ ಮಾಡಿದ್ರಿ?"

ಅವನು ಕನ್ನಡಕ ತೆಗೆದ. ಒರೆಸಲಿಲ್ಲ, ಸುಮ್ಮನೆ ಕೈಯಲ್ಲಿ ಹಿಡಿದುಕೊಂಡ. ಆ ದಪ್ಪ ಗಾಜಿಲ್ಲದೆ ಅವನಿಗೆ ಎದುರಿನವರ ಮುಖ ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕಾಣದಿದ್ದರೆ ಹೇಳುವುದು ಸುಲಭ.

"ಅವರು ಬರ್ಲಿ ಅಂತ."

ಮಿಕ್ಸಿಯ ಹೆಂಗಸು ಮಿಕ್ಸಿ ಕೆಳಗಿಟ್ಟರು. ಮಾವ ಅವನನ್ನು ನೋಡಿದ, ಅಕ್ಕನ ಮಗಳನ್ನು ನೋಡಿದ, ಮತ್ತೆ ಅವನನ್ನು ನೋಡಿದ.

"ನಾಲ್ಕು ಜನರ ಮುಂದೆ ಹೇಳೋಕೆ ನಾಚಿಕೆ ಆಗಲ್ವಾ?"

"ಆಗ್ತಿದೆ."

"ಆಗ್ಲಿ." ಮಾವ ಮೂಲೆಯಲ್ಲಿದ್ದ ಟೂಲ್ ಬ್ಯಾಗನ್ನು ಕಾಲಿನಿಂದ ಅವಳತ್ತ ನೂಕಿದ. "ತಗೋ. ಮಿಕ್ಸಿ ನಾನು ನೋಡ್ತೀನಿ. ಕೆಲಸದ ಹೊತ್ತಲ್ಲಿ ಅಂಗಡಿಯಲ್ಲೇ ಸಿನಿಮಾ."

ಅವಳು ಬ್ಯಾಗ್ ಎತ್ತಿಕೊಂಡು ಹೊರಗೆ ಸ್ಕೂಟರಿನ ಹತ್ತಿರ ಬಂದಳು. ಅವನೂ ಬಂದ.

"ಮನೇಲಿ ಇನ್ನೇನು ಕೆಟ್ಟಿದೆ?" ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಏನೂ ಕೆಟ್ಟಿಲ್ಲ. ಪಟ್ಟಿ ಒಣಗಿದೆ. ಏನೂ ಕೆಡದೇ ಇದ್ರೂ ಬರ್ತೀರಾ ಅಂತ ಕೇಳ್ಬೇಕಿತ್ತು. ಮೊದಲೇ ಕೇಳ್ಬೇಕಿತ್ತು."

"ಕೇಳ್ಬೇಕಿತ್ತು," ಎಂದು ಸ್ಕೂಟರ್ ಚಾಲೂ ಮಾಡಿದಳು. "ನೋಡೋಣ."

ಆ 'ನೋಡೋಣ'ದಲ್ಲಿ ಅವನನ್ನು ಒಂದು ವಾರ ಒಣಗಿಸಿದಳು. ರಜೆಯ ದಿನ ಸಂಜೆ, ಬ್ಯಾಗ್ ಇಲ್ಲದೆ, ಎರಡೂ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಆ ಅಡುಗೆಮನೆಯಲ್ಲಿ ನಿಂತಿದ್ದಳು. ಒಂದು ಕೈ ಅಭ್ಯಾಸಬಲದಿಂದ ತಾನಾಗಿಯೇ ಎರಡು ಬಾಗಿಲುಗಳ ನಡುವಿನ ಪಟ್ಟಿಗೆ ಹೋಯಿತು. ಒಣಗಿತ್ತು, ಬೆಚ್ಚಗಿತ್ತು. ಅವನೂ ಪರೀಕ್ಷಿಸುವವನಂತೆ ಪಕ್ಕದಲ್ಲಿ ಕೈಯಿಟ್ಟ. ಕಿರುಬೆರಳಿಗೆ ಕಿರುಬೆರಳು ತಗುಲಿತು. ಇಬ್ಬರೂ ಫ್ರಿಜ್‌ನ ಬಗ್ಗೆ ಬಹಳ ಗಂಭೀರವಾಗಿ ಯೋಚಿಸುತ್ತಿರುವಂತೆ ನಿಂತರು.

"ಸರಿಯಾಗಿದೆಯೇನೇ ರಿಪೇರಿ?" ಎಂದು ಅಜ್ಜಿ ಕುರ್ಚಿಯಿಂದ ಕೇಳಿದರು.

"ಸರಿಯಾಗಿದೆ ಅಜ್ಜಿ."

"ಮತ್ತೆ ಯಾಕೆ ಬಂದೆ?"

ಅವಳು ಕೈ ತೆಗೆಯಲಿಲ್ಲ. "ಇವರನ್ನ ನೋಡ್ಬೇಕು ಅನ್ನಿಸ್ತು."

ಅಜ್ಜಿ ಕುರ್ಚಿಯಲ್ಲೇ ಅವರತ್ತ ತಿರುಗಿದರು. "ಇಷ್ಟು ಹೇಳೋಕೆ," ಎಂದರು, "ನನ್ನ ಟವಲ್‌ಗಳೆಲ್ಲ ಹಾಳಾಗ್ಬೇಕಿತ್ತಾ?"