ಏಳನೆಯವನೋ, ಎಂಟನೆಯವನೋ?

"ಎದ್ದೇಳಿ! ಅದು ನನ್ನ ಜಾಗ!"

ಬುರುಲ್ ದನಿಗೆ ಇಡೀ ತರಗತಿ ತಿರುಗಿ ನೋಡಿತು. ಒಲೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದ ಹೊಸಬ ಮಾತ್ರ ಅಲುಗಲಿಲ್ಲ. ಹಿಮದಲ್ಲಿ ನೆನೆದ ಕೈಗವಸುಗಳನ್ನು ಒಲೆಗೆ ಹಿಡಿದು ಆರಾಮಾಗಿ ಕಾಯಿಸುತ್ತಿದ್ದ.

"ನಿಮ್ಮ ಹೆಸರು ಬರೆದಿದೆಯಾ?"

"ಬರೆಯೋದೇನು? ಎಲ್ಲರಿಗೂ ಗೊತ್ತು!"

"ನನಗೆ ಗೊತ್ತಿರಲಿಲ್ಲ ನೋಡಿ... ಸರಿ, ಅರ್ಧ ನಿಮಗೆ, ಅರ್ಧ ನನಗೆ. ನೀವೇನು ಅಂಥ ದಪ್ಪ ಇಲ್ಲವಲ್ಲ!"

ಹಿಂದಿನ ಸಾಲಿನಿಂದ ಗೆಳತಿ ಚೋಲ್ಪೋನ್ ಕಿಸಕ್ಕನೆ ನಕ್ಕಳು. ಬುರುಲ್ ಕೆನ್ನೆ ಉರಿಯಿತು. ಚಳಿಯಿಂದ ಒಳಗೆ ಬಂದದ್ದಕ್ಕೋ, ಸಿಟ್ಟಿಗೋ... ಅವಳಿಗೇ ತಿಳಿಯಲಿಲ್ಲ. ಬೆಂಚಿನ ತುದಿಯಲ್ಲಿ ಮುದುಡಿ ಕೂತಳು.

ಅವನ ಹೆಸರು ತಿಲೆಕ್. ವಿದ್ಯುತ್ ಕಂಬ ಹತ್ತುವ ಕೆಲಸ. ಅವಳು ಹಗಲೆಲ್ಲ ಉಣ್ಣೆಯ ಜಮಖಾನ ಹೊಲಿಯುವವಳು. ನಾರಿನ್ ಪಟ್ಟಣದ ಆ ಸಂಜೆ ತರಗತಿಗೆ ಬರುವವರೆಲ್ಲ ಹೀಗೇ, ಹಗಲು ದುಡಿದು, ಸಂಜೆ ಓದಿ, ಮುಂದೆ ಚಿಕ್ಕ ಮಕ್ಕಳಿಗೆ ಮೇಷ್ಟ್ರಾಗಬೇಕೆಂದು ಆಸೆಪಟ್ಟವರು.

ಅವರಿಗೆ ಪಾಠ ಹೇಳುವ ರೈಕಾನ್ ಎಜೆಯದು ಒಂದೇ ಹಟ. ಊರಿನ ಎಲ್ಲರೂ ತಮಗಿಂತ ದೊಡ್ಡ ಹೆಂಗಸನ್ನು ಎಜೆ, ಅಂದರೆ ಅಕ್ಕ, ಎನ್ನುತ್ತಾರೆ. ಮೇಡಮ್ಮೂ ಅವರಿಗೆ ಎಜೆಯೇ.

"ನಾಳೆ ನೀವು ಮಕ್ಕಳನ್ನ 'ನೀನು ಯಾರು?' ಅಂತ ಕೇಳ್ತೀರಿ. ಅದಕ್ಕೆ ಮೊದಲು ನೀವು ಹೇಳಿ. ನಿಮ್ಮ ಬದುಕನ್ನ ನೀವೇ ಬರೆದು ತಂದು ಓದಿ. ಸುಳ್ಳು ಬರೆದ್ರೆ ನನ್ನ ಮೂಗಿಗೆ ವಾಸನೆ ಹೊಡೆಯುತ್ತೆ, ನೆನಪಿರಲಿ!"

ಮೊದಲು ಓದಿದವನು ತಿಲೆಕ್.

"ನಾನು ಕಂಬ ಹತ್ತುವವನು. ಎತ್ತರ ಅಂದರೆ ನನಗೆ ಭಯ. ಪ್ರತಿ ಸಲವೂ ಮೇಲೆ ಹೋಗಿ ಕಣ್ಣು ಮುಚ್ಚುತ್ತೇನೆ. ಕೆಳಗಿನವರು ನಾನು ತಂತಿ ಪರೀಕ್ಷಿಸುತ್ತಿದ್ದೇನೆ ಅಂದುಕೊಳ್ಳುತ್ತಾರೆ..."

ಎಲ್ಲರೂ ನಕ್ಕರು. ಬುರುಲ್‌ಗೆ ನಗು ಬರಲಿಲ್ಲ. ಇಷ್ಟು ಜನರ ಮುಂದೆ ಭಯವನ್ನು ಹೀಗೆ ಬಿಚ್ಚಿಡಬಹುದೇ? ನಾಚಿಕೆಯಾಗುವುದಿಲ್ಲವೇ? ಅವನನ್ನು ಕದ್ದು ನೋಡಿದಳು. ಅವನೂ ನೋಡುತ್ತಿದ್ದ...

ಚಳಿಗಾಲ ಕಳೆಯುವಷ್ಟರಲ್ಲಿ 'ನೀವು' ಹೋಗಿ 'ನೀನು' ಬಂತು. ತರಗತಿ ಮುಗಿದ ಮೇಲೆ ಇಬ್ಬರೂ ಹೊಳೆಯ ಪಕ್ಕದ ದಾರಿಯಲ್ಲಿ ಬಸ್ಸಿನವರೆಗೆ ನಡೆಯುವುದು, ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಕಾಯುವುದು.

"ನಿನ್ನ ಬರಹದಲ್ಲಿ ನಿಮ್ಮಪ್ಪ ಇದ್ದಾರೆ, ಅವರ ಕುದುರೆ ಇದೆ, ಕುದುರೆಯ ಕೋಪ ಕೂಡ ಇದೆ. ನೀನೆಲ್ಲಿ ಬುರುಲ್?"

"ನಾನು ಕುದುರೆ ಮೇಲೆ, ಅಪ್ಪನ ಮುಂದೆ ಕೂತಿದ್ದೀನಲ್ಲ!"

"ಕೂತಿದ್ದೀಯ, ಸರಿ. ಆದರೆ ನಿನ್ನ ಮುಖ ಕಾಣ್ತಿಲ್ಲ."

ಅವಳು ಮಾತು ಮರೆಸಿದಳು. ಅಪ್ಪ ಇಸಾಕ್ ಹೋದ ವಸಂತದಲ್ಲಿ ತೀರಿಕೊಂಡಿದ್ದರು. ಬರೆಯಲು ಕೂತರೆ ಅವರೇ ಬರುತ್ತಿದ್ದರು. ಬೇರೇನು ಬರೆಯಲಿ?

ಆಮೇಲೆ ಆ ಸಂಜೆ ಬಂತು.

"ಇವತ್ತು ಕಾಗದ ಬೇಡ," ಎಂದರು ರೈಕಾನ್ ಎಜೆ. "ನಿಮ್ಮ ಏಳು ತಂದೆಯರನ್ನ, ಅಪ್ಪ, ಅಪ್ಪನ ಅಪ್ಪ, ಹೀಗೆ ಏಳು ತಲೆಮಾರನ್ನ, ಬಾಯಲ್ಲಿ ಹೇಳಿ. ಏಳು ಗೊತ್ತಿಲ್ಲದವನು ಹಾದಿಯ ನಾಯಿ ಅಂತ ನಮ್ಮಜ್ಜ ಬೈತಿದ್ದ. ಯಾರ್ಯಾರು ನಾಯಿ, ನೋಡೋಣ!"

ಬುರುಲ್‌ಗೆ ಅದು ನೀರು ಕುಡಿದಷ್ಟು ಸುಲಭ. ಅಪ್ಪ ಕುದುರೆಯ ಮೇಲೆ ಕೂರಿಸಿಕೊಂಡೇ ಕಲಿಸಿದ್ದರು. ಇಸಾಕ್‌ನಿಂದ ಶುರುಮಾಡಿ ಒಂದೇ ಉಸಿರಿಗೆ ಏಳನೆಯವನಿಗೆ ಬಂದಳು.

"...ಏಳನೆಯವನು ಚೋಮೋಯ್!"

ಪಕ್ಕದಲ್ಲಿ ತಿಲೆಕ್ ಸೆಟೆದು ಕೂತ. ತನ್ನ ಸರದಿ ಬಂದಾಗ ಏಳು ಹೆಸರು ಹೇಳಿ ನಿಲ್ಲಿಸಲಿಲ್ಲ. ಮೆಲ್ಲಗೆ ಎಂಟನೆಯದನ್ನೂ ಹೇಳಿದ.

"ಎಂಟನೆಯವನು... ಚೋಮೋಯ್."

ತರಗತಿಯ ಕಣ್ಣೆಲ್ಲ ಇಬ್ಬರ ಮೇಲೆ. ಏಳು ತಲೆಮಾರು ದಾಟದೆ ಒಂದೇ ಬೇರಿನ ಗಂಡು ಹೆಣ್ಣು ಮದುವೆಯಾಗುವಂತಿಲ್ಲ ಎಂಬುದು ಅಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಅವನ ಕಡೆಯಿಂದ ದಾಟಿದೆ. ಅವಳ ಕಡೆಯಿಂದ ದಾಟಿಲ್ಲ!

ಹೊರಗೆ ಬಂದಾಗ ತಿಲೆಕ್ ಬಲವಂತವಾಗಿ ನಕ್ಕ. "ಲೆಕ್ಕದಲ್ಲಿ ನೀವು ನಮ್ಮಪ್ಪನ ತಲೆಮಾರು. ಹಾಗಾದ್ರೆ ನನಗೆ ಎಜೆ ಆಗ್ತೀರಿ... ಹೋಗಿ ಬರ್ತೀನಿ, ಬುರುಲ್ ಎಜೆ."

ಅವನಿಗಿಂತ ನಾಲ್ಕು ವರ್ಷ ಚಿಕ್ಕವಳು ಅವಳು! 'ನೀವು' ಮತ್ತೆ ಬಂದಿತ್ತು. ತಮಾಷೆಯೇ? ತಪ್ಪಿಸಿಕೊಳ್ಳಲು ಸಿಕ್ಕ ನೆಪವೇ? ಅವಳು ಬಸ್ಸು ಬಿಡದೆ ಮೊದಲನೆಯದನ್ನೇ ಹತ್ತಿದಳು.

ಮುಂದಿನ ವಾರ ಅವನು ಬೇರೆ ಬೆಂಚಿನಲ್ಲಿ ಕೂತಿದ್ದ. "ನಮಸ್ಕಾರ ಎಜೆ," ಎಂದ. ಅದರ ಮುಂದಿನ ವಾರವೂ ಅಷ್ಟೇ.

"ನಗ್ತಾನೆ ಚೋಲ್ಪೋನ್... ಎಜೆ ಅಂತ ಹೇಳಿ ನಗ್ತಾನೆ! ಎಷ್ಟು ಖುಷಿ ನೋಡು ಅವನಿಗೆ!"

ಚೋಲ್ಪೋನ್ ಅವಳನ್ನು ಗೋಡೆಯ ಪಕ್ಕ ಎಳೆದಳು. "ಅಯ್ಯೋ ಪೆದ್ದಿ! ನೀನು ಎಲ್ಲಿಂದ ಎಣಿಸಿದೆ?"

"ಅಪ್ಪನಿಂದ."

"ಯಾವ ಅಪ್ಪ?"

ಬುರುಲ್ ಕೈ ಬಿಡಿಸಿಕೊಂಡಳು.

"ಊರಿಗೆಲ್ಲ ಗೊತ್ತು, ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ? ನೀನು ಮೆಲಿಸ್ ಅಣ್ಣನ ಮಗಳು ಕಣೇ. ಹೆಸರು ಅಲ್ಲಿಂದ ಶುರುಮಾಡು. ಚೋಮೋಯ್ ನಿನಗೂ ಎಂಟನೆಯವನೇ! ನಿನ್ನ ಮದುವೆಗೆ ಅಡ್ಡ ಇರೋದು ನಿನ್ನ ನಾಲಿಗೆ ಮಾತ್ರ!"

"ಬಾಯ್ಮುಚ್ಚು!"

ಗೊತ್ತಿರಲಿಲ್ಲವೆಂದಲ್ಲ. ಬೆನ್ನ ಮೇಲಿನ ಮಚ್ಚೆಯ ಹಾಗೆ ಅದು ಅವಳಿಗೆ ಗೊತ್ತಿತ್ತು. ಇದೆ, ಆದರೆ ಯಾರೂ ತಿರುಗಿ ನೋಡಿಕೊಳ್ಳುವುದಿಲ್ಲ. ಮೊದಲ ಮಗು ಅಜ್ಜ ಅಜ್ಜಿಯದು ಎಂಬುದು ಆ ಕಡೆಯ ಪದ್ಧತಿ. ಮಗ ಮೆಲಿಸ್ ಮತ್ತು ಸೊಸೆ ಜೂರಾರ ಮೊದಲ ಮಗುವನ್ನು ಇಸಾಕ್ ದಂಪತಿ ತಮ್ಮ ಮಡಿಲಿಗೆ ಹಾಕಿಕೊಂಡರು. ಅಜ್ಜ ಅಪ್ಪನಾದ, ಅಜ್ಜಿ 'ಆಪಾ', ಅಂದರೆ ಅಮ್ಮ, ಆದಳು. ಹೆತ್ತವನು ಅಣ್ಣನಾದ, ಹೆತ್ತವಳು ಅತ್ತಿಗೆಯಾದಳು. ಅಷ್ಟೇ. ಒಂದೇ ಮನೆ, ಒಂದೇ ಊಟ, ಯಾರಿಗೂ ಯಾವ ಕೊರತೆಯೂ ಇರಲಿಲ್ಲ.

ಒಂದು ಹೆಸರು ಸೇರಿಸಿದರೆ ತಿಲೆಕ್ ಸಿಗುತ್ತಾನೆ. ಆದರೆ ಆ ಹೆಸರು ಸೇರಿಸಿದ ಕೂಡಲೇ ಅಪ್ಪ ಅಪ್ಪನಾಗಿ ಉಳಿಯುವುದಿಲ್ಲ! ಮಣ್ಣಾಗಿ ವರ್ಷವೂ ಆಗದ ಅಪ್ಪನನ್ನು ಒಂದು ಮೆಟ್ಟಿಲು ಆಚೆ ತಳ್ಳುವುದೇ? ಆಪಾಳ ಮುಖ ನೋಡುವುದು ಹೇಗೆ?

ಅವಳು ತಿಲೆಕ್‌ನನ್ನು ಶಾಲೆಯ ಗೇಟಿನಲ್ಲಿ ತಡೆದಳು.

"ನಿಮಗೂ ಗೊತ್ತಿತ್ತಾ? ನಾನು... ಯಾರ ಮಗಳು ಅಂತ?"

ಅವನು ಟೋಪಿ ತೆಗೆದು, ಮತ್ತೆ ಹಾಕಿಕೊಂಡ. "ಆ ಸಂಜೆಯೇ ನಮ್ಮಜ್ಜಿ ಹೇಳಿದ್ಲು."

"ಗೊತ್ತಿದ್ದೂ ಎಜೆ ಅಂದ್ರಾ!"

"ನೀವೇ ತಡೀತೀರಿ ಅಂತ ಕಾದೆ. 'ನಾನು ನಿನಗೆ ಎಜೆ ಅಲ್ಲ ಕಣೋ' ಅಂತ ಒಂದು ಮಾತು! ಪ್ರತಿ ಸಲ ಕರೆದಾಗಲೂ ಕಾದೆ. ನೀವು ತಲೆಯಾಡಿಸಿ ಹೋದ್ರಿ. ನಾನು ಬೇಡ ಅನ್ನೋಕೆ ನಿಮಗೆ ಮರ್ಯಾದೆಯ ದಾರಿ ಸಿಕ್ಕಿತು ಅಂದುಕೊಂಡೆ."

"ಅಪ್ಪನ್ನ ಬಿಟ್ಟುಕೊಡು ಅಂತೀರಾ ನೀವು?"

"ನಾನೇನೂ ಅನ್ನಲ್ಲ ಬುರುಲ್. ಅದನ್ನ ಕೇಳೋ ಹಕ್ಕು ನನಗಿಲ್ಲ, ಅದಕ್ಕೇ ಬಾಯಿ ಬಿಡಲಿಲ್ಲ." ಅವನು ಗೇಟು ತೆರೆದ. "ಪರೀಕ್ಷೆ ಮುಗಿದ ಮೇಲೆ ಆಟ್‌ಬಾಶಿಗೆ ವರ್ಗ ಕೇಳಿದ್ದೀನಿ. ದಿನಾ ನೋಡಿಕೊಂಡು ಇರೋಕೆ... ಆಗಲ್ಲ ನನಗೆ."

ಅವನು ಹೋದ. ಬುರುಲ್‌ಗೆ ಅವನ ಮೇಲೆ ಸಿಟ್ಟೋ ತನ್ನ ಮೇಲೆ ಸಿಟ್ಟೋ ಗೊತ್ತಾಗಲಿಲ್ಲ. ಅಳಬೇಕೆನಿಸಿತು. ಯಾರಿಗಾಗಿ ಅಳುವುದು ಎಂದೂ ತಿಳಿಯಲಿಲ್ಲ.

ಮನೆಯಲ್ಲಿ ಆಪಾ ಚಹಾ ಸೋಸುತ್ತಿದ್ದಳು. ಜೂರಾ ಅತ್ತಿಗೆ ಹಲಗೆಯ ಮೇಲೆ ಹಿಟ್ಟಿನ ಹಾಳೆ ಮಡಿಸಿ ಶಾವಿಗೆ ಕತ್ತರಿಸುತ್ತಿದ್ದಳು.

"ಆಪಾ... ನಾನು ಯಾರ ಮಗಳು?"

ಚಾಕು ನಿಂತಿತು.

"ಇಸಾಕನ ಮಗಳು! ಇದೇನು ಕೇಳೋ ಮಾತಾ?" ಆಪಾ ಗದರಿದಳು. "ಯಾರು ಏನಂದ್ರು? ಆ ಚೋಲ್ಪೋನ್ ತಾನೆ? ಅವಳ ಬಾಯಿಗೆ ಉಣ್ಣೆ ತುರುಕಬೇಕು!"

ಬುರುಲ್ ಹೇಳಿಬಿಟ್ಟಳು. ತಿಲೆಕ್, ಏಳು, ಎಂಟು, ಚೋಮೋಯ್... ಎಲ್ಲ ಅಡ್ಡಾದಿಡ್ಡಿಯಾಗಿ, ನಡುನಡುವೆ ಬಿಕ್ಕುತ್ತ. ಆಪಾ ಬೆರಳು ಮಡಿಸಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಚಹಾ ಆರಿತು.

"ಹಾಗಾದ್ರೆ ನಾನು ನಿನ್ನ ಕಳಕೊಳ್ಳೋದಾ?" ಮುದುಕಿ ಅವಳ ತೋಳು ಹಿಡಿದಳು.

"ಅದಕ್ಕೇ ಆಪಾ, ನಾನು ಬಾಯಿ ಬಿಟ್ಟಿಲ್ಲ. ಬಿಡೋದೂ ಇಲ್ಲ. ಅವನು ಆಟ್‌ಬಾಶಿಗೆ ಹೋಗ್ಲಿ..."

ಆಪಾ ಅವಳ ಕಣ್ಣೊರೆಸಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

"ಜೂರಾ. ನೀನು ಇವಳನ್ನ ಏನಂತ ಕರೀತೀಯ?"

"ಮುದ್ದು ಅಂತ, ಆಪಾ."

"ಹೆಸರು ಹಿಡಿದು ಕರಿ."

ಜೂರಾ ಬೆಚ್ಚಿಬಿದ್ದಳು. ಮನೆಗೆ ಬಂದ ಸೊಸೆ ಗಂಡನ ಕಡೆಯವರ ಹೆಸರು ಎತ್ತುವಂತಿಲ್ಲ. ಮಾವನದಿರಲಿ, ನಾದಿನಿಯದೂ ಇಲ್ಲ. ಮಗಳು ಲೆಕ್ಕದಲ್ಲಿ ನಾದಿನಿಯಾದ ದಿನದಿಂದ ಹೆತ್ತವಳ ಬಾಯಿಗೆ ಅವಳ ಹೆಸರಿಲ್ಲ! ಬುರುಲ್‌ಗೆ ಇದು ಹೊಳೆದೇ ಇರಲಿಲ್ಲ. ಪ್ರೀತಿಗೆ ಮುದ್ದು ಅನ್ನುತ್ತಾಳೆ ಎಂದುಕೊಂಡಿದ್ದಳು...

"ಅದು ಹೇಗಾಗುತ್ತೆ ಆಪಾ? ನಾಲಿಗೆ ಏಳಲ್ಲ..."

"ಹಿರಿಯಳು ನಾನು ಹೇಳ್ತಿದ್ದೀನಿ. ಕರಿ."

ಜೂರಾ ಹಿಟ್ಟು ಮೆತ್ತಿದ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು. ತುಟಿ ಅಲುಗಿತು, ದನಿ ಬರಲಿಲ್ಲ. ಇನ್ನೊಮ್ಮೆ ಅಲುಗಿತು.

"ಬು... ಬುರುಲ್."

ಕರೆದ ಕೂಡಲೇ ಹೆದರಿದವಳಂತೆ ಮುಖ ಮುಚ್ಚಿಕೊಂಡಳು. ಬುರುಲ್ ಅವಳನ್ನು ತಬ್ಬಿದಳು. ಏನೆಂದು ಕರೆಯಬೇಕೆಂದು ತಿಳಿಯದೆ "ಅತ್ತಿಗೆ... ಅತ್ತಿಗೆ..." ಎಂದೇ ಅತ್ತಳು.

"ಸಾಕು, ಶಾವಿಗೆ ಒಣಗ್ತಿದೆ!" ಆಪಾ ತಲೆವಸ್ತ್ರದ ತುದಿಯಲ್ಲಿ ಮೂಗೊರೆಸಿಕೊಂಡಳು. "ಗಂಡಿನ ಕಡೆಯವರು ಬರಲಿ. ಎಂಟು ಅಂತ ನಾನೇ ಎಣಿಸಿ ಹೇಳ್ತೀನಿ. ಆದರೆ ಹುಡುಗಿ, ನನ್ನ ಅಜ್ಜಿ ಅಂದೆಯೋ... ಹಲ್ಲು ಉದುರಿಸ್ತೀನಿ!"

ಕೊನೆಯ ತರಗತಿಯಲ್ಲಿ ರೈಕಾನ್ ಎಜೆ ಕೇಳುವ ಮೊದಲೇ ಬುರುಲ್ ಎದ್ದು ನಿಂತಳು. ಕೈಯಲ್ಲಿ ಕಾಗದವಿರಲಿಲ್ಲ.

"ನಾನು ಹಿಂದೆ ಹೇಳಿದ್ದರಲ್ಲಿ ಒಂದು ಹೆಸರು ಬಿಟ್ಟುಹೋಗಿತ್ತು. ಮೊದಲನೆಯವನು ಮೆಲಿಸ್."

ಅವಳು ಹೇಳುತ್ತ ಹೋದಳು. ಎರಡನೆಯವನು ಇಸಾಕ್ ಎಂದಾಗಲೂ ನಿಲ್ಲಿಸಲಿಲ್ಲ. ಎಂಟನೆಯ ಹೆಸರಿಗೆ ಬಂದಾಗ ತಿಲೆಕ್ ತಲೆ ತಗ್ಗಿಸಿ ಕೂತಿದ್ದ. ಅವನ ಕಿವಿ ಕೆಂಪಾಗಿತ್ತು.

"ಇದು ಲೆಕ್ಕ. ಆದರೆ ನನ್ನನ್ನ ಸಾಕಿದವನೂ ನನ್ನಪ್ಪನೇ. ನನಗೆ ಇಬ್ಬರು ತಾಯಂದಿರು, ಒಬ್ಬಳಿಗೆ ನನ್ನ ಹೆಸರು ಮೊನ್ನೆ ಸಿಕ್ಕಿತು. ನಾನು ಯಾರು ಅಂತ ಬರೆಯೋಕೆ ಹೋದೆ ಎಜೆ... ಬರಲಿಲ್ಲ. ಎಲ್ಲ ಕಲಸಿಹೋಗಿದೆ. ಇಷ್ಟು ಮಾತ್ರ ಗೊತ್ತು, ಈ ತರಗತಿಯಲ್ಲಿ ಒಬ್ಬರಿಗೆ ನಾನು ಎಜೆ ಅಲ್ಲ!"

ರೈಕಾನ್ ಎಜೆ ಮೂಗು ಮುಟ್ಟಿಕೊಂಡು ನಕ್ಕರು. "ಸುಳ್ಳಿನ ವಾಸನೆ ಇಲ್ಲಮ್ಮ. ಕೂತ್ಕೋ."

ಅವಳು ಕೂರಲಿಲ್ಲ. ಹೊರಗೆ ಓಡಿದಳು. ಅಂಗಳದಲ್ಲಿ ಹಿಮ ಕರಗಿ ಕೆಸರಾಗಿತ್ತು. ಹಿಂದಿನಿಂದ ಹೆಜ್ಜೆ ಸದ್ದು ಬಂತು...

"ಬುರುಲ್!"

ಅವಳು ತಿರುಗಿದಳು. ಅವನ ಕೋಟಿನ ಗುಂಡಿ ಒಂದು ಮೇಲೆ ಒಂದು ಕೆಳಗೆ ಸಿಕ್ಕಿಕೊಂಡಿತ್ತು.

"ವರ್ಗದ ಅರ್ಜಿ ವಾಪಸ್ ತಗೊಳ್ಳಲಾ?"

"ಅದನ್ನೂ ನಾನೇ ಹೇಳಬೇಕಾ?"

"ಹೇಳು. ನನ್ನಷ್ಟಕ್ಕೇ ಊಹೆ ಮಾಡ್ಕೊಂಡು ಒಂದು ಸಲ ಕೆಟ್ಟಿದ್ದೀನಿ."

"ಹೋಗಬೇಡ ತಿಲೆಕ್... ನನಗೆ ನೀನು ಬೇಕು."

ಅವನು ಅವಳ ತಣ್ಣನೆಯ ಕೈಗಳನ್ನು ತನ್ನ ಕೈಗಳೊಳಗೆ ಹಿಡಿದ. ಆಮೇಲೆ ಅವನ ಮುಖದಲ್ಲಿ ಗಾಬರಿ ಕಾಣಿಸಿತು.

"ನಾಳೆ ನಮ್ಮಜ್ಜಿಯನ್ನ ಕರಕೊಂಡು ನಿಮ್ಮನೆಗೆ ಬರ್ತೀನಿ. ಮೆಲಿಸ್ ಅವರು ಬಾಗಿಲು ತೆಗೀತಾರೆ... ಅವರನ್ನ ಏನಂತ ಕರೀಲಿ? ಮಾವ ಅನ್ನಲಾ, ಭಾವ ಅನ್ನಲಾ?"

ಬುರುಲ್ ಕಣ್ಣೀರಿನಲ್ಲೇ ನಕ್ಕಳು. "ನನ್ನ ಕೇಳಿದ್ರೆ? ಬೆಳಗ್ಗೆ ಅವರಿಗೆ ಚಹಾ ಕೊಟ್ಟೆ. ಅಪ್ಪ ಅನ್ನೋಕೂ ಆಗಲಿಲ್ಲ, ಅಣ್ಣ ಅನ್ನೋಕೂ ಆಗಲಿಲ್ಲ. 'ತಗೊಳ್ಳಿ' ಅಂದೆ."

"ಅವರೇನಂದ್ರು?"

"ಎರಡು ಕೈಯಲ್ಲೂ ಬಟ್ಟಲು ಹಿಡ್ಕೊಂಡು ಕೂತ್ರು. ಕುಡಿಯೋದೇ ಮರೆತ್ರು."

"ಹಾಗಾದ್ರೆ ನಾನೂ ನಾಳೆ 'ತಗೊಳ್ಳಿ' ಅಂತೀನಿ."

"ಏನನ್ನ?"

"ನನ್ನನ್ನ!"