ಉಪ್ಪುನೀರಿನ ಕೇರಿಯಲ್ಲಿ ಬೆಂಕಿ

ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಸಂಶೋಧನಾ ಯೋಜನೆಯ ಮುಖ್ಯಸ್ಥೆ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಕಡಲಿನ ಉಪ್ಪುನೀರು ನೆಲದಡಿಯ ಸಿಹಿನೀರಿಗೆ ಎಷ್ಟು ನುಗ್ಗಿದೆಯೆಂದು ಅಳೆಯಲು ಮೀನುಗಾರರ ಕೇರಿಯ ಅಂಚಿನಲ್ಲಿ ಅವರದೊಂದು ಶೆಡ್ ಇತ್ತು. ಹಿಂದಿನ ದಿನ ಮುಸ್ಸಂಜೆ ಯಾರೋ ಅದಕ್ಕೆ ಬೆಂಕಿಯಿಟ್ಟಿದ್ದರು. ಉಪಕರಣಗಳೆಲ್ಲ ಸುಟ್ಟು ಕರಕಲಾಗಿದ್ದವು. ಒಳಗಿದ್ದ ಸಹಾಯಕ ಸಂಶೋಧಕ ಆಸ್ಪತ್ರೆ ಸೇರಿದ್ದ.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದ.

"ಇಡೀ ಕೇರಿ ಮೇಲೆ."

"ಅಷ್ಟು ಕೈಕೋಳ ನಮ್ಮ ಠಾಣೆಯಲ್ಲಿಲ್ಲ ಮೇಡಂ," ಎಂದು ಅವನು ಎಫ್‌ಐಆರ್ ದಾಖಲಿಸಿ ಹೊರಟ.

ಕೇರಿಗೆ ಯೋಜನೆಯವರನ್ನು ಕಂಡರೆ ಮೈಯೆಲ್ಲ ಉರಿ. ನೀರು ಕುಡಿಯಲು ಯೋಗ್ಯವಲ್ಲ, ಮನೆಗಳನ್ನು ದಡದಿಂದ ದೂರ ಸಾಗಿಸಬೇಕು ಎಂದು ಅವರ ವರದಿ ಹೇಳಿತ್ತು. ಪೊಲೀಸರನ್ನು ಕಂಡರೂ ಅಷ್ಟೇ. ಜೀಪು ನಿಲ್ಲುತ್ತಿದ್ದಂತೆ ಬಾಗಿಲುಗಳು ಪಟಪಟನೆ ಮುಚ್ಚಿದವು. ಮೀನು ತೊಳೆದ ನೀರನ್ನು ಯಾರೋ ಬಾನೆಟ್ಟಿನ ಮೇಲೆ ಸುರಿದು ಹೋದರು. ಕದಲದೆ ಕೂತವಳು ಒಬ್ಬ ಮುದುಕಿ ಮಾತ್ರ.

"ಬೆಂಕಿ ನೋಡಿದ್ಯಾ ಅಜ್ಜಿ?"

"ಕಣ್ಣು ಮಂಜು."

"ಹೊಗೆ ವಾಸನೆ?"

"ನೆಗಡಿ."

"ಕೂಗಾಟ?"

"ಈಗ ನೀನೇನೋ ಕೇಳ್ದೆಯಲ್ಲ, ಅದೂ ಕೇಳಿಸ್ಲಿಲ್ಲ."

ಶೆಡ್ಡಿನ ಪಂಚನಾಮೆ ನಡೆಯಿತು. ಸೀಮೆಎಣ್ಣೆ ಸುರಿದಿದ್ದು ಹಿಂದಿನ ಗೋಡೆಗೆ. ಒಳಗಿನಿಂದ ಚಿಲಕ ಹಾಕಿದ್ದ ಬಾಗಿಲನ್ನು ಮಾತ್ರ ಹೊರಗಿನಿಂದ ಮೀಟಿ ಕಿತ್ತಿದ್ದರು. ಕೊಲ್ಲಲು ಬಂದವನು ಬಾಗಿಲು ಕೀಳುವುದಿಲ್ಲ ಎಂದುಕೊಂಡ ಇನ್‌ಸ್ಪೆಕ್ಟರ್ ಸೀದಾ ಆಸ್ಪತ್ರೆಗೆ ಹೋದ.

ಸಹಾಯಕನ ಕಾಲಿಗೆ ಪಟ್ಟಿ ಕಟ್ಟಿದ್ದರು. "ಜ್ವರ ಅಂತ ಊರಿಗೂ ಹೋಗ್ದೆ ಮಲಗಿದ್ದೆ ಸಾರ್. ಎಚ್ಚರಾದಾಗ ಬರೀ ಹೊಗೆ. ಯಾರೋ ರಟ್ಟೆ ಹಿಡಿದು ಎಳೆದ್ರು. 'ಶನಿವಾರ ಮನೆಗೆ ಹೋಗ್ತಿದ್ಯಲ್ಲೋ ಮಗನೇ, ಇವತ್ಯಾಕೋ ಉಳ್ಕೊಂಡೆ' ಅಂತ ಬೈದ್ರು. ಅಳ್ತಿದ್ರು."

"ಯಾರ ದನಿ?"

ಹುಡುಗ ಗೋಡೆಯ ಕಡೆ ಮುಖ ತಿರುಗಿಸಿದ. "ಗೊತ್ತಾಗ್ಲಿಲ್ಲ."

ಗೊತ್ತಿದೆ ಎಂಬುದು ಇನ್‌ಸ್ಪೆಕ್ಟರಿಗೆ ಅರ್ಥವಾಯಿತು. ಅವನು ಮುಖ್ಯಸ್ಥೆಗೆ ಫೋನ್ ಮಾಡಿದ. "ಈ ಹುಡುಗ ಶನಿವಾರ ಮನೆಗೆ ಹೋಗೋದು ಕೇರಿಯಲ್ಲಿ ಯಾರಿಗೆ ಗೊತ್ತು?"

"ಮೀಟರಣ್ಣನಿಗೆ. ಇವನ ಊಟ ಅವರ ಮನೆಯಲ್ಲೇ. ಆದರೆ ಅವರು ನಮ್ಮ ಕಡೆಯವರು ಸಾರ್!"

ಮೀಟರಣ್ಣ ಹಳೆಯ ದೋಣಿಗಾರ. ತನ್ನ ಬಾವಿಯ ನೀರು ಉಪ್ಪಾಗಿದೆಯೆಂದು ಅಧಿಕಾರಿಗಳ ಸಭೆಯಲ್ಲಿ ಎದ್ದು ನಿಂತು ಹೇಳಿದವನು ಅವನೊಬ್ಬನೇ. ಉಪ್ಪು ಅಳೆಯುವ ಮೀಟರಿನವರ ಪರ ನಿಂತನೆಂದು ಆ ಅಡ್ಡಹೆಸರು ಕೇರಿಯವರು ಕುಹಕಕ್ಕೆ ಇಟ್ಟಿದ್ದು.

ಅವನು ಒದ್ದೆ ಬಟ್ಟೆಯಲ್ಲಿ ಕೈ ಸುತ್ತಿಕೊಂಡು ಅಡುಗೆಮನೆಯಲ್ಲಿ ಕೂತಿದ್ದ.

"ಕೈ ತೋರಿಸಿ."

ಮೊಣಕೈವರೆಗೆ ಚರ್ಮ ಸುಲಿದಿತ್ತು. "ಒಲೆ ತಾಗ್ತು ಅನ್ನೋಣ ಅಂತಿದ್ದೆ," ಎಂದ. "ಹುಡುಗ ಉಳ್ದನಾ?"

"ಉಳಿದಿದ್ದಾನೆ. ನಿಮ್ಮ ಹೆಸರು ಬಾಯಿ ಬಿಟ್ಟಿಲ್ಲ."

ಮುದುಕನ ತಲೆ ಎದೆಗೆ ಬಿತ್ತು.

"ಯಾಕೆ ಮಾಡಿದ್ರಿ?"

"ನಿಜ ಹೇಳಿದ್ದಕ್ಕೆ ಮನೆಮುರುಕ ಅಂದ್ರು ಸಾರ್. ದೋಣಿ ಹತ್ತಿಸ್ಲಿಲ್ಲ. ಹೆಂಡ್ತಿ ಹೋದಾಗ ಒಡಹುಟ್ಟಿದ ತಮ್ಮನೂ ಹೆಗಲು ಕೊಡೋಕೆ ಬರ್ಲಿಲ್ಲ. ಈ ಹುಡುಗ, ಅವನ ಜೊತೆಯವರು ಬಂದು ಹೊತ್ರು."

"ಅಂಥವರ ಶೆಡ್ಡಿಗೆ ಬೆಂಕಿಯಾ?"

"ಹೊರೋಕೆ ಅವರಿದ್ರು. ಆದ್ರೆ ಬೆಳಗಾದ್ರೆ 'ಏನಣ್ಣ' ಅನ್ನೋಕೆ ಒಬ್ರೂ ಇರ್ಲಿಲ್ಲ. ಶೆಡ್ ಸುಟ್ರೆ ಇವನು ನಮ್ಮೋನೇ ಅಂತಾರೆ ಅನ್ಕೊಂಡೆ. ಖಾಲಿ ಇದೆ ಅನ್ಕೊಂಡಿದ್ದೆ, ನನ್ನಾಣೆಗೂ. ಒಳಗೆ ಕೆಮ್ಮು ಕೇಳಿದ್ಮೇಲೇ ಬಾಗಿಲು ಕಿತ್ತಿದ್ದು."

ಅವನನ್ನು ಬಂಧಿಸಿ ಜೀಪಿಗೆ ಹತ್ತಿಸುವಾಗ ಮುಚ್ಚಿದ್ದ ಬಾಗಿಲುಗಳು ಒಂದೊಂದಾಗಿ ತೆರೆದವು. ಸುದ್ದಿ ಆಗಲೇ ಹರಡಿತ್ತು. ಯಾರೋ ಇನ್‌ಸ್ಪೆಕ್ಟರನ ಬೂಟಿನ ಹತ್ತಿರ ಉಗಿದರು. ಗುಂಪನ್ನು ಸೀಳಿಕೊಂಡು ಬಂದ ಅವನ ತಮ್ಮ, ಜೀಪಿನ ಸರಳು ಹಿಡಿದು, "ಅಣ್ಣಾ, ಹೆದರ್ಬೇಡ, ನಾವಿದ್ದೀವಿ," ಎಂದ. ಮುದುಕ ಬಿಕ್ಕಿ ಬಿಕ್ಕಿ ಅತ್ತ.

ಠಾಣೆಯಲ್ಲಿ ಮುಖ್ಯ ಪೇದೆ ಕೃತ್ಯದ ಉದ್ದೇಶವನ್ನು 'ಯೋಜನೆಯ ಮೇಲಿನ ದ್ವೇಷ' ಎಂದು ಬರೆದಿದ್ದ. ಇನ್‌ಸ್ಪೆಕ್ಟರ್ ಅದನ್ನು ಹೊಡೆದುಹಾಕಿದ.

"ಮತ್ತೇನು ಬರೀಲಿ ಸಾರ್?"

"ಕೇರಿಯವರು ಅವನನ್ನ ಮಾತಾಡಿಸ್ತಿರ್ಲಿಲ್ಲ ಅಂತ ಬರಿ."